ಕಲಾಯಿ ಹಾಕಿದ ಹಡಗು

"ಉಗಿ ಬಂದ್ರ ಹಡಗು ಓಡ್ತದ, ಬರಲಿಲ್ಲಂದ್ರ ಊರೇ ನಮ್ಮ ಮುಖಕ್ಕ ಉಗೀತದ" ಎಂದೆ. ಗೌಸಸಾಬ ನಗಲಿಲ್ಲ, ಕೆಮ್ಮಿದ. ಇಪ್ಪತ್ತೈದು ವರ್ಷ ಬಾದಾಮಿಯ ತಾಮ್ರದ ಪಾತ್ರೆಗಳಿಗೆಲ್ಲ ತವರದ ಕಲಾಯಿ ಹಾಕುತ್ತ ನವಸಾಗರದ ಹೊಗೆ ಕುಡಿದ ಎದೆ ಅದು. ಈ ಕಸಬು ಬಿಡದಿದ್ದರೆ ಇನ್ನು ಎರಡು ವರ್ಷವೂ ಕಷ್ಟವೆಂದು ದವಾಖಾನೆಯಲ್ಲಿ ಹೇಳಿದ್ದರು.

ಬಿಡಲು ಒಂದೇ ದಾರಿ ಇತ್ತು. ಹಿಂದಿನ ಚಳಿಗಾಲ ಗುಹೆ ನೋಡಲು ಬಂದಿದ್ದ ರೈಲ್ವೆ ಇಂಜಿನಿಯರ ಸಾಹೇಬನೊಬ್ಬ, ಗೌಸಸಾಬ ತನ್ನ ಸ್ಟೋವು ರಿಪೇರಿ ಮಾಡಿದ್ದು ಕಂಡು ಗುಹೆಯ ಕೆಳಗಿನ ಹೊಂಡದ ಕಡೆ ಬೆರಳು ತೋರಿಸಿದ್ದ. "ಟುಮ್ ಇಸ್ಟೀಮ್ ಬೋಟ್ ಬನಾವ್, ಹಮ್ ಟುಮ್ಕೋ ಹುಬ್ಲಿ ಮೇಂ ಫಿಟ್ಟರ್ ಬನಾವ್!" ಉಗಿಹಡಗು ಮಾಡಿ ತೋರಿಸಿದರೆ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ನೌಕರಿ ಎಂಬ ಈ ಮಾತನ್ನು ಅದೇ ಮೂಗಿನ ದನಿಯಲ್ಲಿ ನಾನು ದಿನಾ ಅಂದು ತೋರಿಸುತ್ತಿದ್ದೆ. ಸಾಹೇಬ ಇನ್ನೊಮ್ಮೆ ಬಂದು ನೋಡಿ, ಆಮೇಲೆ ವಿಲಾಯತಿಗೆ ಕಾಯಂ ಹೊರಡುವವನಿದ್ದ.

ನಾನು ಓದಿದ ಪುಣೆಯ ಕಾಲೇಜಿನಿಂದ ತಂದ ಪುಸ್ತಕದ ಚಿತ್ರ ನೋಡಿ ಹೇಳುತ್ತಿದ್ದೆ, ಅವನು ಬಡಿಯುತ್ತಿದ್ದ. ಹಡಗನ್ನು ಅವನು ಕಂಡವನೇ ಅಲ್ಲ. ಹಡಗಿನ ಮಗ್ಗುಲ ಗಾಲಿ ನೀರು ಬಡಿಯುವ ಸದ್ದನ್ನು ನಾನು ಬಾಯಿಂದ ಮಾಡಿ ತೋರಿಸಿದಾಗ ಅವನ ಹೆಂಡತಿ ಹಜರತಬಿ ಒಳಗಿನಿಂದಲೇ ಕೇಳಿದಳು: "ಯಾರ ಎಮ್ಮಿ ಹೊಂಡಕ್ಕ ಬಿತ್ರಿ, ರಾಯರ?"

ಹನ್ನೊಂದು ತಿಂಗಳು ಹಿಡಿಯಿತು. ಐದು ಮೊಳ ಉದ್ದದ ಮರದ ಹಡಗು, ನಡುವೆ ತಾಮ್ರದ ಹಂಡೆ, ಹಿತ್ತಾಳೆಯ ಕೊಳವೆಯಲ್ಲಿ ಆಡುವ ದಂಡ, ಎರಡೂ ಮಗ್ಗುಲಿಗೆ ಗಾಲಿ. ಗುರುವಾರ ಅಂಗಳದಲ್ಲಿ ಹಲಗೆಯ ಮೇಲಿಟ್ಟು ಬೆಂಕಿ ಹಾಕಿದಾಗ ಗಾಲಿ ತಿರುಗಿದ ರಭಸಕ್ಕೆ ಕೋಳಿಗಳೆಲ್ಲ ಮಾಳಿಗೆ ಹತ್ತಿದವು.

ಶನಿವಾರ ಬೆಳಗ್ಗೆ ಸಾಹೇಬ ಹೊಂಡದ ಮೆಟ್ಟಿಲ ಮೇಲೆ ಗಡಿಯಾರ ಹಿಡಿದು ನಿಂತ. ಹಂಡೆ ಕುದಿಯಿತು, ಮೇಲಿನ ಸಣ್ಣ ಮುಚ್ಚಳ ಬುಸುಗುಟ್ಟಿತು. ಗೌಸಸಾಬ "ಬಿಸ್ಮಿಲ್ಲಾ" ಎಂದು ಉಗಿ ಬಿಡುವ ತೋಟಿ ತಿರುಗಿಸಿದ.

ಗಾಲಿ ಅಲುಗಲಿಲ್ಲ.

ಕೈಯಿಂದ ತಿರುವಿದೆ. ಅರ್ಧ ಸುತ್ತಿ ನಿಂತಿತು. ಗೌಸಸಾಬ ಉಗಿ ಹೋಗುವ ಕೊಳವೆಯನ್ನು ಇಕ್ಕಳದಿಂದ ಟಕಟಕ ಬಡಿದು ಕಿವಿಗೊಟ್ಟ. ಬಾಗಿದ ಕಡೆ ಸದ್ದು ಮೊಂಡಾಗಿತ್ತು. ಅವನ ಮುಖ ಇಳಿಯಿತು.

"ರಾಯರ, ನಿನ್ನಿ ನಾ ಇದಕ್ಕ ಕಲಾಯಿ ಹಾಕೇನ್ರಿ."

"ಹಂಡೇಕ? ಯಾಕಪಾ? ಇದರಾಗ ಯಾರು ಸಾರು ಕುದಸಾವ್ರು?"

"ಕಲಾಯಿ ಇಲ್ಲದ ತಾಮ್ರ ನಮ್ಮಪ್ಪನ ಕಾಲದಿಂದ ನಮ್ಮ ಅಂಗಡಿ ಹೊಸ್ತಿಲಾ ದಾಟಿಲ್ರಿ. ಸಾಹೇಬ ಒಳಗ ಇಣಿಕಿ ನೋಡಿದ್ರ ಏನಂತಾನ? ಕೈ ತಾನಾ ಹೋತು." ತಲೆ ತಗ್ಗಿಸಿದ. "ಹಾಕುವಾಗ ಕರಗಿದ ತವರ ಹರದು ಕೊಳವಿಯೊಳಗ ಕುಂತೈತಿ."

"ತಗೀಲಿಕ್ಕೆ ಎಷ್ಟೊತ್ತು?"

"ಬಿಚ್ಚಿ ಬೆಂಕಿ ತೋರಿಸಿದ್ರ ಒಂದು ಚಣ. ಆದ್ರ ಹಂಡೆ ಆರಬೇಕು. ಈಗ ಬಿಚ್ಚಿದ್ರ ಇಬ್ರೂ ಬೆಂದು ಹೋಗ್ತೇವಿ. ಒಂದು ತಾಸರೆ ಬೇಕ್ರಿ."

ಸಾಹೇಬನ ರೈಲಿಗೆ ಒಂದು ತಾಸೂ ಉಳಿದಿರಲಿಲ್ಲ; ಸ್ಟೇಶನ್ನು ಮೂರು ಮೈಲಿ. ದಿನಾ ಅವನ ದನಿ ಅಣಕಿಸಿ ಊರನ್ನು ನಗಿಸಿದ ನನ್ನ ಬಾಯಿಂದ ಆಗ "ಸರ್, ಪ್ಲೀಸ್ ಸರ್" ಬಿಟ್ಟು ಬೇರೆ ಇಂಗ್ಲಿಷು ಹೊರಡಲಿಲ್ಲ. ಅವನು ಸಿಟ್ಟಾಗಲೂ ಇಲ್ಲ. ಹಡಗಿನ ಬೆನ್ನು ತಟ್ಟಿ, "ಅಚ್ಚಾ ಬೋಟ್, ವೆರಿ ಅಚ್ಚಾ" ಎಂದು ಟಾಂಗಾ ಹತ್ತಿದ. ಬೈದಿದ್ದರೆ ವಾದಿಸಬಹುದಿತ್ತು.

ಹಂಡೆ ಆರುವವರೆಗೆ ಇಬ್ಬರೂ ಅಲ್ಲೇ ಕುಳಿತು ಕಾದೆವು. ಕೊಳವೆ ಬಿಚ್ಚಿ ಕೆಂಡಕ್ಕೆ ಹಿಡಿದಾಗ ಹುಣಸೆ ಬೀಜದಷ್ಟು ತವರ ಕರಗಿ ಮೆಟ್ಟಿಲ ಮೇಲೆ ತೊಟ್ಟಿಕ್ಕಿತು. ಅಷ್ಟೇ.

"ಇನ್ನೊಮ್ಮೆ ಹಚ್ಚೋಣೇನು?" ಎಂದೆ. ಗೌಸಸಾಬ ಕೊಳವೆ ಮತ್ತೆ ಕೂಡಿಸಿ ಇದ್ದಿಲು ಹಾಕಿದ.

ಈ ಸಲ ತೋಟಿ ತಿರುಗಿಸಿದ್ದೇ ತಡ, ಹಡಗು ಹೊಗೆಯುಗುಳುತ್ತ ಹೊಂಡದ ನಡುವಿಗೆ ನುಗ್ಗಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒದ್ದೆ ಸೀರೆ ಹಿಡಿದುಕೊಂಡೇ ಎದ್ದು ನಿಂತರು. ಅದಕ್ಕೆ ಹಗ್ಗ ಕಟ್ಟುವುದನ್ನು ಇಬ್ಬರೂ ಮರೆತಿದ್ದೆವು. ಹಡಗು ಆಚೆ ದಂಡೆಯ ಭೂತನಾಥ ಗುಡಿಯ ಕಲ್ಲಿಗೆ ಮೂತಿ ಇಟ್ಟು, ಅಲ್ಲೇ ನೀರು ಬಡಿಯತೊಡಗಿತು. ಗೌಸಸಾಬ ಎದ್ದು ಎರಡು ಹೆಜ್ಜೆ ಹೋದ. ಕೆಮ್ಮು ಬಂತು, ಕುಳಿತುಬಿಟ್ಟ.

ಒಗೆಯುತ್ತಿದ್ದ ಚಂದವ್ವ ತನ್ನ ತಾಮ್ರದ ಕೊಡ ತಂದು ಅವನ ಮುಂದಿಟ್ಟಳು.

"ಭಾರಿ ಓಡಿಸಿದ್ಯಪಾ, ಗೌಸಸಾಬ! ಇದಕ್ಕೊಂದೀಟು ಕಲಾಯಿ ಹಾಕಿ ಕೊಡತಿ ಏನು? ಒಳಗೆಲ್ಲಾ ಕಿಲುಬು ಹಿಡದೈತಿ."

ಅವನು ಕೊಡದೊಳಗೆ ಕೈ ಹಾಕಿ, ಬೆರಳಿನಿಂದ ತಳ ಉಜ್ಜಿ ನೋಡಿದ.

"ಇಲ್ಲೇ ಇಟ್ಟು ಹೋಗಬೇ ಯವ್ವಾ. ಸಂಜಿಕ ಒಯ್ಯುವಂತಿ" ಎಂದ.

ಆಚೆ ದಂಡೆಯಲ್ಲಿ ಗಾಲಿ ಇನ್ನೂ ಕಲ್ಲಿಗೆ ನೀರು ಎರಚುತ್ತಲೇ ಇತ್ತು.