ನಡುವೆ ಅಣ್ಣ ಬೇಡ

ಗೋಂದಿನ ಡಬ್ಬಿ ಮೇಸ್ತ್ರಿಯ ತಲೆಗೆ ತಾಗದೆ ಹಿಂದಿನ ಗೋಡೆಗೆ ಬಡಿಯಿತು. ಅದು ಅವನ ಪುಣ್ಯ. ಗೋಡೆಯಿಂದ ಇಳಿದ ಗೋಂದು ಮರುದಿನ ಕಳಿಸಬೇಕಾಗಿದ್ದ ಮುನ್ನೂರು ಶಾಲಾಪುಸ್ತಕಗಳ ಮೇಲೆ ಸೋರಿತು. ಅದು ಮಾತ್ರ ಯಾರ ಪುಣ್ಯವೂ ಅಲ್ಲ.

ಎಸೆದವಳು ಬೈಂಡಿಂಗ್ ವಿಭಾಗದಲ್ಲಿ ಎಲ್ಲರಿಗಿಂತ ಹಳಬಳು. ಮಡಿಸಿದ ಹಾಳೆಗಳನ್ನು ಜೋಡಿಸಿ ಹೊಲಿಯುವುದು ಅವಳ ಕೆಲಸ, ಹಾಗಾಗಿ ಪ್ರೆಸ್ಸಿನವರೆಲ್ಲ ಅವಳನ್ನು ದಾರದಕ್ಕ ಅನ್ನುತ್ತಿದ್ದರು. ಅನ್ನುವುದು ಅವಳಿಗೆ ಕೇಳಿಸುತ್ತಿರಲಿಲ್ಲ, ಹುಟ್ಟಿನಿಂದಲೇ ಕಿವುಡು. ತುಟಿ ನೋಡಿ ತಿಳಿಯುತ್ತಿದ್ದಳು. ಅವತ್ತು ಮೇಸ್ತ್ರಿ ಅವಳ ಬೆನ್ನ ಹಿಂದೆ ನಿಂತು ಏನೋ ಹೇಳಿದ. ಅವಳು ತಿರುಗದಿದ್ದಾಗ ಹೆಗಲಿಗೆ ಬೆರಳಿಂದ ತಿವಿದು, ಪಕ್ಕದವನ ಕಡೆ ನೋಡಿ, "ಬಿಡು, ಇವಳಿಗೆ ಆಮೇಲೆ ಹೇಳಿದ್ರಾಯ್ತು" ಅಂದ. ತಿರುಗಿದವಳಿಗೆ ಕಂಡದ್ದು ಆ ತುಟಿ. ಡಬ್ಬಿ ಕೈಯಲ್ಲೇ ಇತ್ತು.

ಪ್ರೆಸ್ಸಿನ ಯಜಮಾನರು ಚೀಟಿಯಲ್ಲಿ ಬರೆದುಕೊಟ್ಟರು: "ಇಪ್ಪತ್ತು ವರ್ಷದಿಂದ ಇದ್ದೀಯ ಅಂತ ಸುಮ್ಮನಿದ್ದೇನೆ. ಯಾರಾದರೂ ಮನಸ್ಸಿನ ಡಾಕ್ಟರಿಗೆ ತೋರಿಸಿಕೊಂಡು ಬಾ. ಆಮೇಲೆ ಕೆಲಸಕ್ಕೆ."

ಮತ್ತೆ 'ಆಮೇಲೆ'. ಅವಳ ಮೈ ಉರಿದುಹೋಗುತ್ತಿದ್ದುದೇ ಆ ಒಂದು ಮಾತಿಗೆ.

ಆರು ತಿಂಗಳ ಹಿಂದೆ ಅವಳ ಅಪ್ಪ ತೀರಿಕೊಂಡಿದ್ದ. ಮನೆಯಲ್ಲಿ ಅವಳ ಕೈಭಾಷೆ ಪೂರಾ ಬರುತ್ತಿದ್ದವನು ಅವನೊಬ್ಬನೇ. ಅವಳು ಮೂರು ವರ್ಷದ ಕೂಸಾಗಿದ್ದಾಗ, ಕೆಲಸ ಮುಗಿಸಿ ಬಂದು, ಕಿವುಡರ ಶಾಲೆಯ ಗಿಡ್ಡ ಬೆಂಚಿನ ಮೇಲೆ ಮಕ್ಕಳ ಜೊತೆ ಮೊಣಕಾಲು ಮಡಚಿ ಕೂತು ಕಲಿತವನು. ಅಣ್ಣನಿಗೆ ನೋಡಿದರೆ ಅರ್ಥವಾಗುತ್ತಿತ್ತು, ಆಡಲು ಅಷ್ಟಕ್ಕಷ್ಟೇ. ಅತ್ತಿಗೆಗೆ ಬರುತ್ತಿದ್ದುದು 'ಊಟ', 'ಬಾ', 'ಬೇಡ'.

ಅಪ್ಪ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದ. ಅವನು ಉಳಿಯುವುದಿಲ್ಲ ಎಂದು ಮೊದಲ ದಿನವೇ ಅಣ್ಣನಿಗೆ ಗೊತ್ತಾಗಿತ್ತು, ಅತ್ತಿಗೆಗೆ ಗೊತ್ತಾಗಿತ್ತು, ವಾರ್ಡಿನ ನೆಲ ಒರೆಸುವವಳಿಗೂ ಗೊತ್ತಿತ್ತು. ದಾರದಕ್ಕನಿಗೆ ಮಾತ್ರ ಎಲ್ಲರೂ ಹೆಬ್ಬೆರಳೆತ್ತಿ ತೋರಿಸಿ ನಕ್ಕರು. ಹತ್ತನೆಯ ದಿನ ಅವಳು, ಅಪ್ಪ ಮನೆಗೆ ನಡೆದುಬರಲೆಂದು, ಹೊಸ ಚಪ್ಪಲಿ ತಂದು ಮಂಚದಡಿ ಇಟ್ಟಳು. ಅಣ್ಣ ಅದನ್ನು ನೋಡಿದ. ನೋಡಿ ಕಿಟಕಿಯ ಕಡೆ ತಿರುಗಿಕೊಂಡ. ಮರುದಿನ ಬೆಳಿಗ್ಗೆ ಅವಳು ಪ್ರೆಸ್ಸಿನಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದಾಗ ಅಪ್ಪ ಹೋದ.

"ನೀನು ನೊಂದ್ಕೊಳ್ತೀಯ ಅಂತ ಹೇಳ್ಲಿಲ್ಲ" ಎಂದು ಅಣ್ಣ ಆಮೇಲೆ ಹೇಳಿದ. ಆಮೇಲೆ!

ಅಂದಿನಿಂದ ಅವಳು ಕಾದ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಸಿಡಿಯುತ್ತಿದ್ದಳು. ಎರಡು ತಟ್ಟೆ ಒಡೆದಳು. ಬಸ್ಸಿನಲ್ಲಿ ಸುಮ್ಮನೆ ನಗುತ್ತಿದ್ದ ಅಪರಿಚಿತರ ಮೇಲೆ ಹರಿಹಾಯ್ದಳು. ಈಗ ಗೋಂದಿನ ಡಬ್ಬಿ.

ಮೊದಲ ಸಮಾಲೋಚಕಿಯ ಬಳಿಗೆ ಅಣ್ಣನೇ ಕರೆದುಕೊಂಡು ಹೋದ. ತಿಳಿನೀಲಿ ಗೋಡೆ, ಮೇಜಿನ ಮೇಲೆ ಕಾಗದದ ಕರವಸ್ತ್ರ, ಮೂರು ಕುರ್ಚಿ. ಅಣ್ಣ ನಡುವಿನ ಕುರ್ಚಿಯಲ್ಲಿ ಕೂತ. ಅವಳು ಕೈಯಾಡಿಸಿದರೆ ಅವನು ಬಾಯಲ್ಲಿ ಹೇಳಬೇಕು, ಅದು ಏರ್ಪಾಡು.

ದಾರದಕ್ಕ ಶುರುಮಾಡಿದಳು. "ನನ್ನ ಅಪ್ಪ ಸಾಯ್ತಿದ್ದಾನೆ ಅಂತ ಎಲ್ಲರಿಗೂ ಗೊತ್ತಿತ್ತು. ನನಗೆ ಸುಳ್ಳು ಹೇಳಿದ್ರು. ಹನ್ನೊಂದು ದಿನ ನಾನೊಬ್ಬಳೇ ಹುಚ್ಚಿ ಹಾಗೆ ನಗ್ತಾ ಓಡಾಡಿದೆ. ಇವನು, ಇಲ್ಲಿ ಕೂತಿದ್ದಾನಲ್ಲ, ಇವನೇ." ಕೈಗಳು ಗಾಳಿ ಸೀಳುತ್ತಿದ್ದವು. ಎರಡು ನಿಮಿಷ ಹೇಳಿದಳು.

ಅಣ್ಣ ಗಂಟಲು ಸರಿಮಾಡಿಕೊಂಡು ಹೇಳಿದ್ದು ಒಂದೇ ಸಾಲು. ಹುಟ್ಟಿದಾಗಿನಿಂದ ನೋಡಿದ ತುಟಿ ಅದು, ಪಕ್ಕದಿಂದಲೂ ಓದಬಲ್ಲಳು. "ಅಪ್ಪ ಹೋದ್ಮೇಲೆ ತುಂಬಾ ಬೇಜಾರಲ್ಲಿದ್ದಾಳೆ ಮೇಡಂ, ಅಷ್ಟೇ."

"ಹನ್ನೊಂದು ದಿನ ಅಂದ್ಯಾ?" ಎಂದು ಕೇಳಿದಳು.

"ಅಂದೆ" ಎಂದು ತಲೆಯಾಡಿಸಿದ.

ಅವಳು ಸಮಾಲೋಚಕಿಯ ಮುಖದ ಮುಂದೆಯೇ ಹತ್ತು ಬೆರಳು ಬಿಡಿಸಿ ಹಿಡಿದು, ಮತ್ತೆ ಒಂದು ಬೆರಳೆತ್ತಿದಳು. ಆಕೆ ಮೃದುವಾಗಿ ನಕ್ಕು ಅಣ್ಣನನ್ನು ಕೇಳಿದರು, "ಏನಂತಿದ್ದಾರೆ?"

"ಹನ್ನೊಂದು ವರ್ಷದಿಂದ ಪ್ರೆಸ್ಸಲ್ಲಿ ಕೆಲಸ ಮಾಡ್ತಿದ್ದಾಳೆ ಅಂತ."

ಇಪ್ಪತ್ತು ವರ್ಷ ದುಡಿದವಳಿಗೆ ಒಂದೇ ಏಟಿಗೆ ಒಂಬತ್ತು ವರ್ಷ ಖೋತಾ! ದಾರದಕ್ಕ ಎದ್ದಳು. ಕಾಗದದ ಕರವಸ್ತ್ರದ ಪೆಟ್ಟಿಗೆಯನ್ನು ಅಣ್ಣನ ಮಡಿಲಿಗೆ ಎಸೆದು, ಬಾಗಿಲನ್ನು ಎಷ್ಟು ಜೋರಾಗಿ ಹಾಕಿಕೊಂಡು ಹೋದಳೆಂದರೆ ಆ ಅದುರು ಅವಳ ಅಂಗಾಲಿಗೇ ತಿಳಿಯಿತು.

ಎರಡನೆಯವರು ಹಿರಿಯರು, ಹೆಸರುವಾಸಿ. "ಬರವಣಿಗೆಯಲ್ಲೇ ಮಾತಾಡೋಣ" ಎಂದು ಬರೆದು ತೋರಿಸಿದರು. ಬರವಣಿಗೆ ಅವಳಿಗೆ ಶಾಲೆಯಲ್ಲಿ ಕಲಿತ ಪರಭಾಷೆ. ಕೈಯಲ್ಲಿ ಬೆಂಕಿಯಾಗಿ ಬರುವುದು ಪೆನ್ನಿನಲ್ಲಿ ಬೂದಿಯಾಗಿ ಬೀಳುತ್ತಿತ್ತು. "ಅಪ್ಪ ಸಾವು ಎಲ್ಲರು ಗೊತ್ತು ನಾನು ಇಲ್ಲ" ಎಂದು ಬರೆದಳು. ಅವರು ಅದನ್ನು ಓದಿ, ಹುಬ್ಬು ಗಂಟಿಕ್ಕಿ, ತಮ್ಮ ಕಡತದಲ್ಲಿ ಏನೋ ಗೀಚಿಕೊಂಡರು.

ಪುಸ್ತಕ ಹೊಲಿಯುವವರ ಗುಟ್ಟು ಅವರಿಗೆ ಗೊತ್ತಿರಲಿಲ್ಲ. ದೊಡ್ಡ ಹಾಳೆಯಲ್ಲಿ ಅರ್ಧ ಪುಟಗಳು ತಲೆಕೆಳಗಾಗಿಯೇ ಅಚ್ಚಾಗಿರುತ್ತವೆ. ಇಪ್ಪತ್ತು ವರ್ಷ ಅವನ್ನು ಜೋಡಿಸಿದವಳಿಗೆ ನೆಟ್ಟಗೂ ಒಂದೇ, ಉಲ್ಟಾನೂ ಒಂದೇ. "ಬುದ್ಧಿಮಟ್ಟ ಪರೀಕ್ಷಿಸಬೇಕು" ಎಂದಿತ್ತು ಕಡತದಲ್ಲಿ. ಅವಳು ಅವರ ಕೈಯಿಂದ ಪೆನ್ನು ಕಿತ್ತುಕೊಂಡು ಅದೇ ಸಾಲಿನ ಕೆಳಗೆ "ನಿಮ್ಮದೂ" ಎಂದು ಬರೆದು ಹೊರಬಂದಳು. ಆ ವಾರವೆಲ್ಲ ಅವಳಿಗೆ ಸಮಾಧಾನ ಕೊಟ್ಟದ್ದು ಅದೊಂದೇ.

ಮೂರನೆಯವಳು ಚಿಕ್ಕ ವಯಸ್ಸಿನ ಹುಡುಗಿ, ಒಳ್ಳೆಯವಳು. ತುಟಿ ಕಾಣುವಂತೆ ಎದುರಿಗೆ ಕೂತಳು, ನಿಧಾನವಾಗಿ ಮಾತಾಡಿದಳು. ದಾರದಕ್ಕನಿಗೆ ಉಸಿರು ಬಂದಂತಾಯಿತು. ಅರ್ಧ ಗಂಟೆ ಕಳೆದ ಮೇಲೆ ಹುಡುಗಿ ಹೇಳಿದಳು: "ಈಗ ಕಣ್ಣು ಮುಚ್ಚಿ. ನನ್ನ ದನಿಯನ್ನಷ್ಟೇ ಕೇಳ್ತಾ ಇರಿ."

ದಾರದಕ್ಕ ಆ ತುಟಿಯನ್ನೇ ನೋಡುತ್ತ ಕೂತಳು. ಹುಡುಗಿಗೆ ಒಂದು ಗಳಿಗೆಯ ನಂತರ ಹೊಳೆಯಿತು, ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಕೊನೆಗೆ ದಾರದಕ್ಕನೇ ಅವಳ ಬೆನ್ನು ಸವರಬೇಕಾಯಿತು. ಕಿವುಡರ ಮುಂದೆ ಕಿನ್ನರಿ ಬಾರಿಸಬೇಡಿ ಎಂದು ಗಾದೆ ಮಾಡಿದವರಿಗೆ, ಕಿವಿಯಿದ್ದವರ ಮುಂದೆ ಕೈ ನೋಯುವಷ್ಟು ಬಾರಿಸುತ್ತಿರುವ ತನ್ನ ಪಾಡು ಗೊತ್ತಿರಲಿಲ್ಲ ಎಂದುಕೊಂಡು ಮನೆಗೆ ಬಂದಳು.

ಕಿವುಡರ ಸಂಘದಲ್ಲಿ ಒಬ್ಬ ದುಭಾಷಿ ಇದ್ದ, ನಿಜ. ಆದರೆ ಅವನಿಗೆ ಹೇಳುವುದೂ ಒಂದೇ, ಸಂಘದ ಗೋಡೆಗೆ ಅಂಟಿಸುವುದೂ ಒಂದೇ.

"ಇನ್ನೆಷ್ಟು ಜನರ ಹತ್ರ ಹೋಗ್ತೀಯ? ಯಾರಾದರೇನು, ಎಲ್ಲರೂ ಹೇಳೋದು ಅದನ್ನೇ" ಎಂದ ಅಣ್ಣ.

"ಒಂದು ಕನ್ನಡಕ ತಗೊಳ್ಳೋಕೆ ನೀನು ನಾಲ್ಕು ಅಂಗಡಿ ಸುತ್ತಿದೆ" ಎಂದಳು ಅವಳು. "ನನಗೆ ಮಾತ್ರ ಸಿಕ್ಕಿದ್ದೇ ಸಾಕಾ?"

ನಾಲ್ಕನೆಯವರ ವಿಳಾಸ ಕೊಟ್ಟದ್ದು ಶಾಲೆಯ ಹಳೆಯ ಗೆಳತಿ. ಸೇತುವೆಯಾಚೆಯ ಬಡಾವಣೆಯಲ್ಲಿ ಒಬ್ಬ ಹೆಂಗಸಿದ್ದಾರೆ, ಅವರ ಅಪ್ಪ ಅಮ್ಮ ಇಬ್ಬರೂ ಕಿವುಡರು, ನಾಲಗೆಗಿಂತ ಮೊದಲು ಕೈ ತಿರುಗಿದವರು ಎಂದಳು. ಒಂಬತ್ತು ವಾರ ಕಾಯಬೇಕಾಯಿತು. ಊರಿಗೆಲ್ಲ ಇರುವುದು ಅವರೊಬ್ಬರೇ ಎಂಬ ಸಿಟ್ಟಿನಲ್ಲೇ ಅವಳು ಆ ಒಂಬತ್ತು ವಾರ ದೂಡಿದಳು. ಯಜಮಾನರು ಮಾತ್ರ ಅವಳಂಥ ಕೈ ಸಿಗದೆ, ತಿಂಗಳೊಳಗೆ ತಾವೇ ವಾಪಸು ಕರೆಸಿಕೊಂಡರು.

ಐವತ್ತು ದಾಟಿದ ಹೆಂಗಸು. ಕೋಣೆಯಲ್ಲಿ ಎರಡೇ ಕುರ್ಚಿ, ಬೆಳಕು ಇಬ್ಬರ ಕೈ ಮೇಲೂ ಬೀಳುವಂತೆ ಹಾಕಿದ್ದು.

ದಾರದಕ್ಕ ಕೂರಲಿಲ್ಲ. "ಮೊದಲು ನಾನು ಕೇಳ್ತೀನಿ. ಇಲ್ಲಿ ಆಡಿದ್ದು ಯಾರ ಕಿವಿಗೆ ಹೋಗುತ್ತೆ?"

"ಯಾರಿಗೂ ಇಲ್ಲ" ಎಂದವು ಆಕೆಯ ಕೈಗಳು. ಹಳೆಯ ಕಾಲದ, ದೊಡ್ಡ ದೊಡ್ಡ ಸನ್ನೆಗಳು. "ನಾಳೆ ಬಸ್ಸಲ್ಲಿ ಸಿಕ್ಕರೂ ನೀವಾಗಿ ಕೈಯೆತ್ತದೆ ನಾನು ಎತ್ತಲ್ಲ. ಇನ್ನೊಂದು ಮಾತು. ನಾಲ್ಕು ಸಲ ಬಂದು ನೋಡಿ. ನಾನು ನಿಮಗೆ ಹೊಂದಲಿಲ್ಲ ಅಂದ್ರೆ ಮುಖದ ಮೇಲೆ ಹೇಳಿ. ನಂಗೇನೂ ಬೇಜಾರಿಲ್ಲ."

ಆಗ ಕೂತಳು. ಹನ್ನೊಂದು ದಿನವನ್ನೂ ಹೇಳಿದಳು, ನಡುವೆ ಯಾರೂ ಅದನ್ನು ಕತ್ತರಿಸಲಿಲ್ಲ. ಅಣ್ಣನನ್ನು ಬೈದಳು, ಅತ್ತಿಗೆಯನ್ನು ಬೈದಳು, ವಾರ್ಡಿನ ಡಾಕ್ಟರನ್ನು ಬೈದಳು. ಆಕೆ ಎಲ್ಲ ನೋಡಿ ಒಂದೇ ಒಂದು ಪ್ರಶ್ನೆ ಕೇಳಿದರು.

"ಅಪ್ಪನಿಗೆ ಗೊತ್ತಿತ್ತಾ?"

ದಾರದಕ್ಕ ಕೆಂಡವಾದಳು. "ಅಪ್ಪನ ಸುದ್ದಿಗೆ ಬರಬೇಡಿ! ನೀವೂ ಅವರಂಥವರೇ!" ಎಂದು ಚೀಲ ಎತ್ತಿಕೊಂಡು ಎದ್ದುಹೋದಳು.

ಮನೆಗೆ ಬಂದವಳೇ ಅಣ್ಣನ ಎದುರು ನಿಂತಳು. ಅವನು ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. "ಅಪ್ಪನಿಗೆ ಗೊತ್ತಿತ್ತಾ?"

ಅಣ್ಣ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. ಅವಳ ಕಡೆ ತಿರುಗಿ ತುಟಿ ಬಿಡಿಸಿ ಹೇಳಿದ. "ಗೊತ್ತಿತ್ತು. ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದೇ ಅಪ್ಪ ಕಣೇ. 'ಅವಳು ನಗ್ತಾ ಬರ್ತಾಳೆ, ಹಾಗೇ ಬರ್ಲಿ' ಅಂದ್ರು. ಅವರ ಮೇಲೆ ನಿಂಗೆ ಸಿಟ್ಟು ಬರೋದು ಬೇಡ ಅಂತ ನಾನೇ ಹೊತ್ಕೊಂಡೆ."

ಅವಳು ಅವನಿಗೆ ಹೊಡೆಯಲಿಲ್ಲ, ಏನನ್ನೂ ಒಡೆಯಲಿಲ್ಲ. ಆರು ದಿನ ಯಾರ ಜೊತೆಗೂ ಕೈಯಾಡಿಸಲಿಲ್ಲ. ಏಳನೆಯ ದಿನ ಸೇತುವೆ ದಾಟಿ ಹೋದಳು.

ಆಕೆ ಬಾಗಿಲು ತೆಗೆದರು. ಯಾಕೆ ಎದ್ದುಹೋದಿರಿ ಎಂದು ಕೇಳಲಿಲ್ಲ.

"ಗೊತ್ತಿತ್ತಂತೆ" ಎಂದಳು ದಾರದಕ್ಕ, ಇನ್ನೂ ಹೊಸ್ತಿಲಲ್ಲೇ ನಿಂತು. ಆಮೇಲೆ ಕೈಗಳು ನಿಲ್ಲಲಿಲ್ಲ. "ಉಳಿದವರಿಗೆ ನನ್ನ ಭಾಷೆ ಬರ್ತಿರಲಿಲ್ಲ, ಹಾಳಾಗಿ ಹೋಗ್ಲಿ. ಅವನಿಗೆ ಬರ್ತಿತ್ತು! ನಾನು ಅವನ ಉಗುರು ಕತ್ತರಿಸ್ತಿದ್ದೆ. ಅವನು ಇನ್ನೊಂದು ಕೈಲಿ ನರ್ಸಮ್ಮನ ನಡಿಗೆ ಅಣಕಿಸಿ ನನ್ನ ನಗಿಸ್ತಿದ್ದ. ಅದೇ ಕೈಲಿ ಒಂದು ಮಾತು ಹೇಳೋಕಾಗ್ತಿರಲಿಲ್ವಾ? 'ಹೋಗ್ತೀನಿ ಮಗಳೇ' ಅಂತ? ನನಗೂ ಹೇಳೋದಿತ್ತು. ಅವನಿಗೆ ಹೇಳೋ ಮಾತು ನಲವತ್ತು ವರ್ಷದ್ದು ಇತ್ತು. ತನಗೆ ನನ್ನ ನಗು ಬೇಕು ಅಂತ ನನ್ನ ಅಳು ಕದ್ಕೊಂಡು ಹೋದ. ಕಳ್ಳ! ನನ್ನಪ್ಪ ಕಳ್ಳ!"

ಒಳಗೆ ಬಂದು ಕುರ್ಚಿಯ ತೋಳಿಗೆ ಗುದ್ದಿದಳು. ಮತ್ತೆ ಗುದ್ದಿದಳು. ಗಂಟಲಿನಿಂದ ಹೊರಟ ಸದ್ದು ಅವಳಿಗೆ ಕೇಳಿಸಲಿಲ್ಲ, ಎದೆ ಅದುರಿದ್ದು ತಿಳಿಯಿತು. ಆಕೆ ಸಮಾಧಾನ ಮಾಡಿಕೊಳ್ಳಿ ಅನ್ನಲಿಲ್ಲ, ಅಪ್ಪನಿಗೂ ಸಂಕಟ ಇದ್ದಿರಬೇಕು ಅನ್ನಲಿಲ್ಲ. ಕಣ್ಣು ಒಮ್ಮೆಯೂ ಅವಳ ಕೈಗಳಿಂದ ತೆಗೆಯಲಿಲ್ಲ. ಎಲ್ಲ ಮುಗಿದ ಮೇಲೆ, "ಕಳ್ಳ" ಎಂದು ಅವಳದೇ ಸನ್ನೆಯನ್ನು ಅವಳಂತೆಯೇ ಮಾಡಿ, "ಇನ್ನೂ ಇದೆಯಾ?" ಎಂದು ಕೇಳಿದರು.

"ಬೇಕಾದಷ್ಟಿದೆ."

"ಬುಧವಾರ ಬನ್ನಿ."

ಇಳಿದು ಬಂದಾಗ ಅಣ್ಣ ರಸ್ತೆಯಾಚೆ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಬಾ ಎಂದು ಯಾರೂ ಕರೆದಿರಲಿಲ್ಲ. ಅವಳ ಊದಿದ ಕಣ್ಣು ನೋಡಿ, ಅಂಗೈ ತಿರುಗಿಸಿ, "ಏನಂದೆ ಒಳಗೆ?" ಎಂದು ಕೇಳಿದ.

"ನಿನಗ್ಯಾಕೆ?" ಎಂದಳು ದಾರದಕ್ಕ.

ಅವನು ಬೈಕ್ ಚಾಲೂ ಮಾಡಿದ. ಅವಳು ಹಿಂದೆ ಹತ್ತಿ ಕೂತು, ಹೊರಡು ಎಂದು ಅವನ ಬೆನ್ನಿಗೆ ಎರಡು ಸಲ ತಟ್ಟಿದಳು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ.