ಕಸ್ತಾನ್ಯಾ ಹಾಲು ಹಾಕದ ಅನ್ನ

ಹಬೆಯಲ್ಲಿ ಬೆಂದ ಕಸ್ತಾನ್ಯಾ ಎಂಬ ಗಟ್ಟಿ ಚಿಪ್ಪಿನ ಕಾಡುಬೀಜದ ವಾಸನೆ ಎಂದರೆ ಡೆಲ್ಮಿರಾಳಿಗೆ ಅವ್ವನ ಮಡಿಲಿನ ವಾಸನೆ. ಕಾಡಂಚಿನ ರಿಬೆರಾಲ್ಟಾ ಊರಿನ ಬೀಜ ಒಡೆಯುವ ಶೆಡ್ಡಿನಲ್ಲಿ, ಅವ್ವನ ಕಾಲ ಬಳಿ ಸಿಪ್ಪೆ ರಾಶಿಯ ಮೇಲೆಯೇ ಅವಳು ಮಗುವಾಗಿದ್ದಾಗ ನಿದ್ದೆ ಮಾಡುತ್ತಿದ್ದಳು. ಬೆಚ್ಚಗಿನ ಜಿಡ್ಡು, ಒದ್ದೆ ಮರದ ಘಮ. ದೊಡ್ಡವಳಾದ ಮೇಲೆ ಅದೇ ಬೆಂಚಿನಲ್ಲಿ ಕುಳಿತು ನಲವತ್ತು ವರ್ಷ ಬೀಜ ಒಡೆದಳು. ಈಗ ಎರಡು ಸುತ್ತು ಕೀಮೋ ಮುಗಿದು ಮೂಗೂ ನಾಲಿಗೆಯೂ ಕೈಕೊಟ್ಟಿದ್ದವು. ಏನು ತಿಂದರೂ ತುಕ್ಕು ಹಿಡಿದ ಮೊಳೆ ಚೀಪಿದ ಹಾಗೆ.

ಇನ್ನೊಂದು ಸುತ್ತು ಬಾಕಿ ಇತ್ತು. ಗೆಡ್ಡೆ ಕುಗ್ಗುತ್ತಿತ್ತು, ಆದರೆ ಔಷಧ ಮೂತ್ರಪಿಂಡಕ್ಕೆ ಪೆಟ್ಟು ಕೊಡುವಂಥದ್ದು. ಅದು ತಡೆದುಕೊಂಡರೆ ಮಾತ್ರ ಕೊನೆಯ ಸುತ್ತು. ಅದಕ್ಕೆಂದೇ ಡಾಕ್ಟರ್ ನಿನೋಸ್ಕಾ ದಿನಕ್ಕೊಂದು ಸಣ್ಣ ಮಾತ್ರೆ ಕೊಟ್ಟಿದ್ದಳು. ಅದರಲ್ಲಿ ಇದ್ದದ್ದು ಸೆಲೆನಿಯಂ ಎಂಬ ಖನಿಜ, ಸಾಸಿವೆ ಕಾಳಿನ ಒಂದು ಚೂರಿನಷ್ಟು. ಅದು ಮೂತ್ರಪಿಂಡವನ್ನು ಕಾಯಬಹುದು, ಕಾಯದೆಯೂ ಇರಬಹುದು, ಇನ್ನೂ ನೋಡುತ್ತಿದ್ದೇವೆ ಎಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿದ್ದಳು. ಪಥ್ಯ ಒಂದೇ: ಕಸ್ತಾನ್ಯಾ ತಿನ್ನಬಾರದು. ಅದರಲ್ಲಿರುವುದೂ ಅದೇ ಖನಿಜ. ಯಾವ ಬೀಜದಲ್ಲಿ ಎಷ್ಟಿದೆಯೋ ಹೇಳಲಾಗದು. ಮಿತಿ ಮೀರಿದರೆ ಕೂದಲು, ಉಗುರು ಉದುರುತ್ತವೆ, ನರಗಳು ಕೆಡುತ್ತವೆ.

ಡೆಲ್ಮಿರಾ ಒಂದು ಬೀಜವನ್ನೂ ಬಾಯಿಗೆ ಹಾಕಲಿಲ್ಲ. ಅಡುಗೆ ಮಾಡಲು ತ್ರಾಣವಿಲ್ಲದ್ದರಿಂದ ಶೆಡ್ಡಿನ ಹೆಂಗಸರು ಸರದಿಯ ಮೇಲೆ ಊಟ ತಂದುಕೊಡುತ್ತಿದ್ದರು. ಅವಳು ರುಚಿ ತಿಳಿಯದೆಯೇ ತಿನ್ನುತ್ತಿದ್ದಳು.

ಒಂದು ಬುಧವಾರ ಹೊತ್ತು ಹೋಗದೆ ಅವಳು ಶೆಡ್ಡಿಗೆ ಹೋಗಿ ಹಳೆಯ ಬೆಂಚಿನಲ್ಲಿ ಕುಳಿತಿದ್ದಾಗ, ಡಾಕ್ಟರ್ ಮೋಟರ್ ಸೈಕಲ್ಲಿನಲ್ಲಿ ಅಲ್ಲಿಗೇ ಬಂದಳು. ಕೈಯಲ್ಲಿ ರಕ್ತದ ವರದಿ. ಹತ್ತಿರ ಬಂದು ಮೂಗು ಅರಳಿಸಿದಳು.

"ಬೆಳ್ಳುಳ್ಳಿ ತಿಂದ್ರಾ, ಅಮ್ಮಾ?"

ಇಲ್ಲ ಎಂದಳು ಡೆಲ್ಮಿರಾ.

"ಹಾಗಾದ್ರೆ ಕಸ್ತಾನ್ಯಾ ತಿಂದಿದ್ದೀರಿ. ಸೆಲೆನಿಯಂ ಜಾಸ್ತಿ ಆದ್ರೆ ಉಸಿರು ಹೀಗೇ ನಾರುತ್ತೆ. ರಕ್ತದಲ್ಲೂ ಮಿತಿ ಮೀರಿದೆ. ನಾನು ಕೊಟ್ಟ ಮಾತ್ರೆಯಿಂದ ಇಷ್ಟು ಏರೋಕೆ ಸಾಧ್ಯವೇ ಇಲ್ಲ."

ಡೆಲ್ಮಿರಾ ಅವ್ವನ ಮೇಲೆ ಆಣೆ ಇಟ್ಟಳು. ಅಷ್ಟರಲ್ಲಿ ಶೆಡ್ಡಿನಲ್ಲಿ ಬೀಜ ಒಡೆಯುವ ಟಕಟಕ ಸದ್ದು ಒಂದೊಂದಾಗಿ ನಿಂತಿತು. ನಾದಿನಿ ನಾಜಿರಾ ಎದ್ದು ನಿಂತಳು.

"ಬೀಜ ಕೊಟ್ಟಿಲ್ಲ ಡಾಕ್ಟ್ರೇ. ಬರೀ ಅದನ್ನ ಅರೆದು ಹಿಂಡಿದ ಹಾಲು. ಅದನ್ನ ಹಾಕದೆ ಅನ್ನ ಹೇಗೆ ಮಾಡೋದು?"

ಆಮೇಲೆ ಒಬ್ಬೊಬ್ಬರದೇ ಹೊರಗೆ ಬಂತು. ಮಾತ್ರೆಯಲ್ಲಿ ಇರುವುದು ಬೀಜದ ಸತ್ವವೇ ಎಂದು ಕಿವಿಗೆ ಬಿದ್ದ ಮೇಲೆ, ಹೆಚ್ಚಾದಷ್ಟೂ ಒಳ್ಳೆಯದೆಂದು ಸೋಮವಾರದವಳು ಮೀನಿಗೆ ಎರಡು ಲೋಟ ಬೀಜದ ಹಾಲು ಸುರಿದಿದ್ದಳು. ಮಂಗಳವಾರದವಳು ಬಾಳೆಕಾಯಿ ಜೊತೆ ಅರೆದಿದ್ದಳು. ಶುಕ್ರವಾರದ ಕಾಸ್ತಾ, ನಾನಂತೂ ಹಾಲು ಹಾಕಿದವಳಲ್ಲ ಎಂದು ಎದೆಯುಬ್ಬಿಸಿ ಹೇಳಿ, ಹಿಂಡಿದ ಚರಟ ಮಾತ್ರ ಗಂಜಿಗೆ ಕಲಸಿದ್ದು ಎಂದಳು. ಏಳು ದಿನಕ್ಕೆ ಏಳು ಜನ. ಯಾರೂ ಇನ್ನೊಬ್ಬರಿಗೆ ಹೇಳಿರಲಿಲ್ಲ.

"ಎಷ್ಟು ದಿನದಿಂದ?" ಎಂದಳು ಡಾಕ್ಟರ್.

"ನೀವು ಮುಟ್ಟಬೇಡಿ ಅಂದ ದಿನದಿಂದ," ಎಂದಳು ನಾಜಿರಾ.

ಡಾಕ್ಟರ್ ತುಟಿ ಕಚ್ಚಿಕೊಂಡು, ಕೂದಲು ಉದುರುತ್ತದೆ ಎಂದು ಮತ್ತೆ ಎಚ್ಚರಿಸಲು ಬಾಯಿ ತೆರೆದಳು. ಡೆಲ್ಮಿರಾ ತಲೆವಸ್ತ್ರ ಸರಿಸಿ ಬೋಳು ತಲೆ ಸವರಿಕೊಂಡಳು.

"ಉದುರೋಕೆ ಏನಿದೆ ನೋಡಿ ಹೇಳಿ, ಡಾಕ್ಟ್ರೇ."

ನಗು ಬೆಂಚಿನಿಂದ ಬೆಂಚಿಗೆ ಹಬ್ಬಿತು. ಕಾಸ್ತಾ ನಗುತ್ತ ಬುಟ್ಟಿಯ ಮೇಲೆಯೇ ಕುಳಿತಳು, ಬುಟ್ಟಿ ಅಪ್ಪಚ್ಚಿಯಾಯಿತು. ಡೆಲ್ಮಿರಾ ಹೊಟ್ಟೆ ಹಿಡಿದುಕೊಂಡು ನಕ್ಕಳು; ಮೂರು ತಿಂಗಳಿಂದ ಅವಳು ಹೊಟ್ಟೆ ಹಿಡಿದುಕೊಂಡದ್ದು ನೋವಿಗೆ ಮಾತ್ರ. ಡಾಕ್ಟರೂ ನಗು ತಡೆಯಲಾರದೆ ಸೋತಳು.

ಕಣ್ಣೊರೆಸಿಕೊಂಡು ಆಕೆ ವಿಷಯಕ್ಕೆ ಬಂದಳು. ಮೂತ್ರಪಿಂಡ ಸದ್ಯಕ್ಕೆ ಗಟ್ಟಿಯಾಗಿತ್ತು. ಹೆಂಗಸರು ಒಬ್ಬರನ್ನೊಬ್ಬರು ಹೆಮ್ಮೆಯಿಂದ ನೋಡಿಕೊಂಡರು.

"ಹಾಗೆ ನೋಡ್ಬೇಡಿ. ಮಾತ್ರೆಯಿಂದಲೋ, ಹಾಲಿಂದಲೋ, ನೀರು ಚೆನ್ನಾಗಿ ಕುಡಿದಿದ್ದಕ್ಕೋ ನನಗೂ ಗೊತ್ತಿಲ್ಲ. ಆದ್ರೆ ಈ ಲೆಕ್ಕದಲ್ಲಿ ಸೆಲೆನಿಯಂ ವಿಷವೇ. ಇವತ್ತಿಂದ ಮಾತ್ರೆಯೂ ಬೇಡ. ಎರಡು ವಾರದಲ್ಲಿ ಅದು ಇಳಿದ್ರೆ ಕೊನೇ ಸುತ್ತು ಕೊಡ್ತೀನಿ. ಇಳೀದಿದ್ರೆ ತಡ ಆಗುತ್ತೆ. ಗೆಡ್ಡೆ ನಮಗೋಸ್ಕರ ಕಾಯಲ್ಲ."

ನಾಜಿರಾ ಮುಂದಿದ್ದ ಬೀಜದ ಬುಟ್ಟಿಯನ್ನು ದೂರ ತಳ್ಳಿದಳು.

ಆ ಎರಡು ವಾರ ಬೀದಿಯೇ ಅಡುಗೆ ಮರೆತ ಹಾಗಾಯಿತು. ಕಸ್ತಾನ್ಯಾ ಇಲ್ಲದ ಅಡುಗೆ ಯಾರ ಕೈಗೂ ಹತ್ತದು. ಒಬ್ಬಳು ಬರೀ ಬೇಯಿಸಿದ ಬಾಳೆಕಾಯಿ ತಂದು ತಲೆ ತಗ್ಗಿಸಿ ನಿಂತಳು. ಕಾಸ್ತಾ ದಿನಾ ಬಂದು ಡೆಲ್ಮಿರಾಳ ಉಸಿರು ಮೂಸಿ, ಬೆಳ್ಳುಳ್ಳಿ ಎಷ್ಟು ಕಡಿಮೆಯಾಗಿದೆ ಎಂದು ಬೀದಿಗೆಲ್ಲ ಸಾರಿದಳು. ಹದಿನಾಲ್ಕನೇ ದಿನದ ವರದಿಯಲ್ಲಿ ಸೆಲೆನಿಯಂ ಮಿತಿಗೆ ಇಳಿದಿತ್ತು.

ಮರುದಿನ ಮಧ್ಯಾಹ್ನ ಕೊನೆಯ ಸುತ್ತಿನ ಔಷಧ ಹನಿಹನಿಯಾಗಿ ಇಳಿಯುತ್ತಿದ್ದಾಗ ನಾಜಿರಾ ಆಸ್ಪತ್ರೆಗೆ ಬಂದಳು. ಬಟ್ಟೆಯಲ್ಲಿ ಸುತ್ತಿದ್ದ ಪಾತ್ರೆ ಹೊಚ್ಚ ಹೊಸದು, ಅಂಗಡಿಯ ಚೀಟಿ ಇನ್ನೂ ತಳಕ್ಕೆ ಅಂಟಿಕೊಂಡಿತ್ತು.

"ಹಳೇ ಪಾತ್ರೆಯಲ್ಲಿ ಬೀಜದ ಜಿಡ್ಡು ಇರುತ್ತೆ ಅತ್ತಿಗೆ," ಎಂದಷ್ಟೇ ಹೇಳಿದಳು. ಮುಚ್ಚಳ ತೆಗೆದು, ತಟ್ಟೆಗೆ ಬಿಳಿ ಅನ್ನ ಹಾಕಿ, ಮೇಲೆ ಮೀನಿನ ತುಂಡಿಟ್ಟು, ಮುಳ್ಳು ಬಿಡಿಸಿ, ಸೂಜಿ ಇಲ್ಲದ ಕೈಗೆ ಕೊಟ್ಟಳು.