ಬ್ಲೀಚಿಂಗ್ ಪುಡಿಯ ತಿಳಿ

ನಾನು ಬಕೆಟಿನ ನೀರಿನಲ್ಲಿ ಬ್ಲೀಚಿಂಗ್ ಪುಡಿ ಕದಡುತ್ತಿದ್ದೆ. ಹೋದ ವಾರ ಕೆರೆಕಟ್ಟೆಯ ನಮ್ಮ ಕೇರಿಯ ಗಂಡಸರು ಪುಡಿಯನ್ನು ಹಾಗೇ ಬಾವಿಗೆ ಸುರಿದಿದ್ದರು. ಆ ವಾಸನೆಗೆ ಹೇಸಿ ಎಲ್ಲರೂ ಹಳ್ಳದ ನೀರು ತಂದರು. ಅದನ್ನು ಕುಡಿದ ಅತ್ತಿಗೆಯ ಮಗು ಭೇದಿಯಾಗಿ ಮಲಗಿತ್ತು.

ಹಿಂದೊಮ್ಮೆ ನರ್ಸಮ್ಮ ಮಾಡಿದ್ದನ್ನು ನಾನು ನೋಡಿದ್ದೆ. ಅವರಂತೆಯೇ, ಪುಡಿಯಲ್ಲಿನ ಸುಣ್ಣ ಬಕೆಟಿನ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಬಾವಿಗೆ ಹಾಕಿ, ಕೊಡ ಮುಳುಗಿಸಿ ಎತ್ತಿ ಬೆರೆಸಿದೆ.

"ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವ್ಳು ಈಗ ಡಾಕ್ಟ್ರಾದ್ಲಲ್ಲ ಮಾರಾಯ್ತಿ!" ಎಂದು ಪಕ್ಕದ ಮನೆಯ ಭೈರಮ್ಮಜ್ಜಿ ಅತ್ತಿಗೆಗೆ ಹೇಳಿ ನಕ್ಕರು.

ಒಂದು ಗಂಟೆ ಕಾದು, ನೀರು ಸೇದಿ ಮೊದಲು ನಾನೇ ಕುಡಿದೆ. ಅಜ್ಜಿ ಲೋಟ ಕಸಿದು ಮೂಸಿ, ಗಟಗಟ ಕುಡಿದರು.

"ಅತ್ತಿಗೆ, ಮಗೂಗೆ ಇನ್ಮೇಲೆ ಈ ನೀರನ್ನೇ ಕುಡ್ಸಿ," ಎಂದೆ.

ಅತ್ತಿಗೆ ಕೊಡಕ್ಕೆ ಹಗ್ಗ ಬಿಗಿದು ಬಾವಿಗಿಳಿಸಿದರು.